ಸೈಟು ನಂಬರ್ ನಾನೂರ ಹನ್ನೊಂದು

ಬೆಳಗಿನ ಐದಕ್ಕೆ, ಇನ್ನೂ ಮನೆ ಏಳದ ಬಡಾವಣೆ.
ಕಲ್ಲುಗಳಿವೆ, ಕಲ್ಲಿನ ಮೇಲೆ ಹಳದಿ ನಂಬರು,
ಹೊಂಗೆ ಸಸಿಗಳ ಸುತ್ತ ಹಸಿರು ಬಲೆ,
ಮತ್ತೆ, ಯಾರ ಪುಣ್ಯವೋ, ಒಂದೂ ಗುಂಡಿಯಿರದ ಟಾರು ರಸ್ತೆ.
ಬೆಂಗಳೂರಲ್ಲಿ ಇಂಥದ್ದು ಸಿಕ್ಕರೆ
ಹಿಮ ಸಿಕ್ಕ ಹಾಗೆ ಅಂತಾರೆ ಇನ್ನಾಸಪ್ಪ ಸರ್.

ನಾವು ಐದು ಜನ. ಕಾಲಿಗೆ ಗಾಲಿಯ ಸ್ಕೀ,
ಕೈಯಲ್ಲಿ ಗದ್ದದೆತ್ತರದ ಕೋಲು.
ಮೊದಲ ವಾರ ನಾಯಿಗಳು ಅಟ್ಟಿಸಿಕೊಂಡು ಬಂದವು,
ಎರಡನೆಯ ವಾರ ಕೂತು ನೋಡಿದವು,
ಈಗ ತಿರುವಿನಲ್ಲೇ ಮಲಗಿರುತ್ತವೆ, ನಾವೇ ಬಳಸಿ ಹೋಗಬೇಕು.
ಹಾಲಿನ ವ್ಯಾನಿನವನು ದಿನಾ ಕೇಳುತ್ತಾನೆ:
"ಏನಮ್ಮಾ, ಕಾಲು ಇನ್ನೂ ಸರಿಹೋಗಲಿಲ್ವಾ?"

ಸರ್ ಹುಟ್ಟಿದ್ದು ಬೇಗೂರಿನ ಕಡೆ, ಚರ್ಚಿನ ಹಿಂದಿನ ಓಣಿ.
ಶನಿವಾರ ಸಂಜೆ ಮೇಣದ ಸ್ಟ್ಯಾಂಡು ಕೆರೆಯುವುದು ಅವರ ಪಾಲಿನ ಕೆಲಸ;
ಊರ ಹರಕೆಯೆಲ್ಲ ತಣ್ಣಗಾಗಿ ಅವರ ಉಗುರಿನೊಳಗೆ.
ಹದಿನೆಂಟಕ್ಕೆ ಹಲಸೂರಿನಲ್ಲಿ ಸ್ಯಾಪರ್ಸ್ ಸೇರಿದರು.
ಪಲ್ಟನ್ನು ಗುಲ್ಮಾರ್ಗಿಗೆ ಕಳಿಸಿತು,
ಬೇರೆಯವರ ಸ್ಕೀ ತಳಕ್ಕೆ ಮೇಣ ಉಜ್ಜುವ ಆಳಾಗಿ.
ಎರಡನೇ ಚಳಿಗಾಲಕ್ಕೆ, ಸಾಹೇಬರು ಥರ್ಮಾಮೀಟರ್ ಹುಡುಕುವಷ್ಟರಲ್ಲಿ
ಇವರು ಒಂದು ಹಿಡಿ ಹಿಮ ತೆಗೆದು, ಹಿಸುಕಿ,
ಹೇಳಿಬಿಡುತ್ತಿದ್ದರಂತೆ: ಇವತ್ತು ನೀಲಿ. ಇವತ್ತು ನೇರಳೆ.
ಒಂದು ದಿನ ಓಡಬೇಕಾದವನಿಗೆ ಜ್ವರ ಬಂತು.

ಅಷ್ಟೇ. ಆಮೇಲಿನದ್ದು ನಾಲ್ಕು ಚಿನ್ನ,
ಈಗ ಮೊಮ್ಮಗಳ ಗೊಂಬೆಗಳ ಕೊರಳಲ್ಲಿ.

ಸ್ಪ್ರಿಂಟು ಅಂದರೆ ಒಂದೂವರೆ ಕಿಲೋಮೀಟರಿಗೂ ಕಡಿಮೆ,
ಮೂರೂವರೆ ನಿಮಿಷ. ಅನ್ನದ ಕುಕ್ಕರು
ಒಂದು ವಿಷಲ್ ಕೂಗುವುದರೊಳಗೆ ಮುಗಿದಿರುತ್ತದೆ.
ಆರು ಜನ ಒಟ್ಟಿಗೆ ಹೊರಟರೆ ಇಬ್ಬರು ಮುಂದಕ್ಕೆ.
ಉಳಿದವರಿಗೆ ಒಂದು ಸಣ್ಣ ಕಿಂಡಿ:
ಎಲ್ಲ ಹೀಟುಗಳಲ್ಲಿ ಸೋತವರ ಪೈಕಿ
ಬೇಗ ಸೋತ ಇಬ್ಬರನ್ನು ಮತ್ತೆ ಕರೆಯುತ್ತಾರೆ.

ಪರದೇಶದಲ್ಲಿ, ಹೆಸರಿಗೆ ನಾಲಗೆ ತೊಡರುವ ಒಂದು ಊರಲ್ಲಿ
ಸರ್ ಮೂರನೆಯವರಾಗಿ ಬಂದರು.
ಕೊನೆಯ ನಾಲ್ಕು ಮಾರು ತಳ್ಳಲಿಲ್ಲ.
ನೆಟ್ಟಗೆ ನಿಂತು, ಸುಮ್ಮನೆ ಜಾರಿದರು.
ಆಮೇಲೆ ಬೋರ್ಡು ನೋಡುತ್ತ ಎರಡು ಹೀಟು,
ಕಾಲರಿನ ಬೆವರು ಹೆಪ್ಪುಗಟ್ಟುವವರೆಗೆ.
ಸೆಕೆಂಡಿನ ನೂರರಲ್ಲಿ ಆರು ಪಾಲು. ಅಷ್ಟು ಸಾಲದೆ ಹೋಯಿತು.
ಇದನ್ನು ನಮಗೆ ಹೇಳಿದ್ದು ಅವರಲ್ಲ,
ಇಸ್ತ್ರಿ ಗಾಡಿಯ ಪೆಂಚಾಲಯ್ಯ.

ಡಿಸೆಂಬರು ಬಂದರೆ ಸರ್ ತಮ್ಮ ಹಳೆಯ ಜೋಡಿ ಸ್ಕೀ ತಂದು
ಆ ಗಾಡಿಯ ಮೇಲೆ ಅಡ್ಡ ಮಲಗಿಸುತ್ತಾರೆ.
ಇದ್ದಿಲ ಪೆಟ್ಟಿಗೆಯನ್ನು ಕೊಂಚ ಆರಲು ಬಿಟ್ಟು, ಹದ ನೋಡಿ,
ಮೇಣ ಹನಿಸಿ, ಮೂತಿಯಿಂದ ಬಾಲಕ್ಕೆ ಒಂದೇ ಎಳೆತ.
ಯಾವ ಹಿಮಕ್ಕೆ ಅಂತ ಯಾರೂ ಕೇಳುವುದಿಲ್ಲ.
ಪೆಂಚಾಲಯ್ಯ ಎರಡು ಪ್ಯಾಂಟಿನ ದುಡ್ಡು ತಗೊಳ್ತಾನೆ.

ನಾನೂರ ಹನ್ನೊಂದರ ಕಲ್ಲೇ ನಮ್ಮ ಗೆರೆ.
ಸರ್ ನಿಲ್ಲುವುದು ಮಾತ್ರ ನಾನೂರ ಹದಿನಾಲ್ಕರ ಹತ್ತಿರ,
ತಲೆಗೆ ಮಂಕಿ ಕ್ಯಾಪು, ಕೊರಳಲ್ಲಿ ಗಡಿಯಾರ.
"ಸೋತೆ ಅಂತ ಗೊತ್ತಾಯ್ತಾ? ಗೊತ್ತಾಗ್ಲಿ ಬಿಡು, ತಳ್ಳು!
ಬೇಜಾರ್ ಮಾಡ್ಕೊಳಕ್ಕೆ ಈಚೆ ಕಡೆ ಬೇಕಾದಷ್ಟು ಜಾಗ ಇದೆ."

ನಾನು ಮುನಿಲಕ್ಷ್ಮಿ. ಐವರಲ್ಲಿ ಯಾವಾಗಲೂ ಮೂರನೆಯವಳು.
ಹಿಮ ಅಂತ ಮುಟ್ಟಿದ್ದು ಫ್ರಿಜ್ಜಿನ ಗೋಡೆಯಲ್ಲಿ,
ಅಮ್ಮ ಚಮಚದಿಂದ ಕೆರೆದು ಸಿಂಕಿಗೆ ಹಾಕುವುದು.

ಮೊನ್ನೆ ಲಾರಿ ಬಂದಿತ್ತು. ನಾನೂರ ಹನ್ನೊಂದಕ್ಕೆ
ಪಾಯ ತೋಡಿದ್ದಾರೆ, ಕಲ್ಲು ಕಿತ್ತು ಚರಂಡಿಗೆ ಒಗೆದಿದ್ದಾರೆ.
ರಸ್ತೆಯ ಅರ್ಧಕ್ಕೆ ಎಂ-ಸ್ಯಾಂಡು, ರಾತ್ರಿಯ ಮಂಜಿಗೆ ನೆನೆದು.
ಸರ್ ಸುಣ್ಣದಲ್ಲಿ ಹೊಸ ಗೆರೆಯನ್ನು ಮೂರು ಸೈಟು ಆಚೆ ಎಳೆದು
ತಾವು ಇನ್ನೂ ಆಚೆ ನಡೆಯಹೊರಟವರು
ರಾಶಿಯ ಬಳಿ ಬಗ್ಗಿ, ಒಂದು ಹಿಡಿ ತೆಗೆದು, ಹಿಸುಕಿ,
ಸ್ವಲ್ಪ ಹೊತ್ತು ಅದನ್ನೇ ನೋಡಿ,
"ಕೆಂಪು" ಅಂದರು.

ಯಾರೂ ನಗಲಿಲ್ಲ. ನಾವು ಕೋಲು ಊರಿದೆವು.